ಅರವತ್ತಮೂರನೇ ಪುಟ

ನಲವತ್ತೆಂಟನೇ ಪುಟ ಮಗುಚಿದರೆ ಮುಂದೆ ಬರೀ ರಟ್ಟು.

ಅಬ್ದುಲ್ ಸಮದ್ ಮತ್ತೆ ಹಿಂದಕ್ಕೆ ಹೋಗಿ ನಲವತ್ತರಿಂದ ಎಣಿಸಿಕೊಂಡು ಬಂದರು. ಎಣಿಸಿದರೆ ಪುಟ ಹೆಚ್ಚಾಗುವುದಿಲ್ಲ ಎಂಬುದು ಮೂಡುಬಿದಿರೆಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಲೈಬ್ರೇರಿಯನ್ ಆಗಿದ್ದವರಿಗೆ ಗೊತ್ತಿರಲಿಲ್ಲ ಅಂತಲ್ಲ. ಎದುರಿಗೆ ಕೂತ ಹುಡುಗಿಯ ಮುಖ ನೋಡುವ ಧೈರ್ಯ ಸಾಲದೆ ಎಣಿಸುತ್ತಿದ್ದರು, ಅಷ್ಟೆ.

"ಇಲ್ಲ ಅಲ್ವಾ ಸರ್?" ಮೋಕ್ಷಿತಾ ಕೇಳಿದಳು.

"ಸ್ವಲ್ಪ ನಿಲ್ಲು ಮಗಾ."

ನಿಲ್ಲಲು ಹೊತ್ತಾದರೂ ಎಲ್ಲಿತ್ತು? ಬಂಟ್ವಾಳದ ಆ ದಾಖಲೆ ಕೋಣೆಯ ಗಡಿಯಾರದಲ್ಲಿ ಆಗಲೇ ಹತ್ತೂಮುಕ್ಕಾಲು. ಇವತ್ತು ಸಂಜೆ ನಾಲ್ಕು ಗಂಟೆಯೊಳಗೆ ಈ ವರದಿಯ ಅರವತ್ತಮೂರನೇ ಪುಟವನ್ನು ವಿಚಾರಣಾ ಸಮಿತಿಗೆ ತೋರಿಸದಿದ್ದರೆ, ಇಲ್ಲದ ಆಕರವನ್ನು ಹುಟ್ಟಿಸಿದ ತಪ್ಪಿಗೆ ಅವಳ ಪಿಎಚ್.ಡಿ. ಪ್ರಬಂಧ ತಿರಸ್ಕಾರವಾಗುತ್ತಿತ್ತು. ಐದು ವರ್ಷದ ಕೆಲಸ ಹೋಗುವುದು ಒಂದು ಕಡೆ, ಕಳ್ಳಿ ಎಂಬ ಹೆಸರು ಜನ್ಮಕ್ಕೆ ಅಂಟಿಕೊಳ್ಳುವುದು ಇನ್ನೊಂದು ಕಡೆ.

ವರದಿಯೇನೂ ದೊಡ್ಡದಲ್ಲ. ನೇತ್ರಾವತಿ ಕೊಳ್ಳ ಅಧ್ಯಯನ ಕೂಟ ಎಂಬ, ಈಗ ಬಾಗಿಲು ಮುಚ್ಚಿರುವ ಒಂದು ಸಂಸ್ಥೆ 2009ರಲ್ಲಿ ಹೊರತಂದ ಹನ್ನೊಂದನೇ ತಾಂತ್ರಿಕ ವರದಿ. ಬೆಳ್ತಂಗಡಿ ಕಡೆಯ ಯಾವ ಯಾವ ಗುಡ್ಡದ ಇಳಿಜಾರನ್ನು ಕಡಿಯಬಾರದು ಎಂಬುದು ಅದರ ವಿಷಯ. ಅಚ್ಚಾದದ್ದು ಐದೇ ಪ್ರತಿ. ಮೂರು ಎಲ್ಲಿ ಹೋದವೋ ದೇವರಿಗೇ ಗೊತ್ತು. ನಾಲ್ಕನೆಯದನ್ನು ನಿನ್ನೆ ಬೆಳ್ತಂಗಡಿಯಲ್ಲಿ ಕಂಡಿದ್ದರು. ಗೆದ್ದಲು ತಿಂದು ಬಿಟ್ಟ ರಟ್ಟಿನ ಮೇಲೆ ಶೀರ್ಷಿಕೆಯ ಅರ್ಧ ಮಾತ್ರ ಉಳಿದಿತ್ತು. ಐದನೆಯದು ಇದು. ಮೂಡುಬಿದಿರೆ ಕಾಲೇಜಿನ ಲೈಬ್ರೆರಿ ಹೊಸ ಕಟ್ಟಡಕ್ಕೆ ಹೋಗುವಾಗ ಜಾಗವಿಲ್ಲವೆಂದು ಸಮದ್ ಅವರೇ ಗಂಟು ಕಟ್ಟಿ ಬಂಟ್ವಾಳಕ್ಕೆ ಕಳಿಸಿದ ಹಳೆಯ ವರದಿಗಳಲ್ಲಿ ಒಂದು.

ಅವರು ಮೂವತ್ತೊಂದನೇ ಪುಟ ತೆಗೆದು ಬೆರಳಿಟ್ಟರು. ಅಲ್ಲಿ ಒಂದು ಸಾಲು ಹೀಗಿತ್ತು: ಪೂರ್ತಿ ವಿವರಕ್ಕೆ ಕೊನೆಯ ಅನುಬಂಧ ನೋಡಿ.

ಆದರೆ ಕೊನೆಯಲ್ಲಿ ಅನುಬಂಧವೇ ಇರಲಿಲ್ಲ. ಊಟಕ್ಕೆ ಕರೆದವರು ಬಾಗಿಲಿಗೆ ಬೀಗ ಹಾಕಿ ಹೋದ ಹಾಗಾಯಿತು.

"ಯಾರೋ ತೆಗೆದಿದ್ದಾರೆ," ಎಂದರು ಸಮದ್.

ಅಟೆಂಡರ್ ಮೂಸಾ ಬಾಗಿಲ ಬಳಿಯಿಂದಲೇ ತನ್ನ ಕಾಲದಲ್ಲಿ ಒಂದು ಹಾಳೆಯೂ ಹೊರಗೆ ಹೋಗಿಲ್ಲವೆಂದು ಬ್ಯಾರಿ ಭಾಷೆಯಲ್ಲಿ ಹೇಳಿದ. ಯಾರೂ ಅವನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನಿರಬೇಕೆಂದು ಸಮದ್ ಅವನನ್ನು ಒಂದು ಸಲ ದಿಟ್ಟಿಸಿದರು. ಆದರೆ ಕೋಣೆಯ ಧೂಳು ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಈ ಗಂಟನ್ನು ಬಂದ ದಿನದಿಂದ ಯಾರೂ ಬಿಚ್ಚಿದ ಲಕ್ಷಣವಿರಲಿಲ್ಲ.

ಹಾಗಾದರೆ ಪುಟ ಹೋದದ್ದು ಇಲ್ಲಿಗೆ ಬರುವ ಮೊದಲೇ.

ಸಮದ್ ಹಿಂದಿನ ರಟ್ಟನ್ನು ಬೆಳಕಿಗೆ ಹಿಡಿದರು. ಒಳಬದಿಗೆ ಅಂಟಿಸಿದ ಬಿಳಿ ಹಾಳೆಯ ಮೂಲೆ ಸೆಕೆಗೆ ಸ್ವಲ್ಪ ಎದ್ದಿತ್ತು. ಉಗುರಿನಿಂದ ಮೆಲ್ಲನೆ ಬಿಡಿಸಿದರು. ಮೂಸಾ ಬೇಡ ಬೇಡ ಎನ್ನುವಷ್ಟರಲ್ಲಿ ಹಾಳೆ ಎರಡು ಇಂಚು ಮೇಲೆ ಬಂದಿತ್ತು. ರಟ್ಟಿನ ಮೈಮೇಲೆ ಪೆನ್ಸಿಲಿನಲ್ಲಿ ೭೨ ಎಂದು ಬರೆದು ಗೀಟು ಎಳೆದಿತ್ತು. ಕೆಳಗೆ ೪೮. ಪಕ್ಕದಲ್ಲಿ ಪುಟ್ಟದಾಗಿ ಒಂದು 'ಧ'.

ಆ 'ಧ' ಯಾರದೆಂದು ಅವರಿಗೆ ಗೊತ್ತಿತ್ತು. ಮೂಡುಬಿದಿರೆಯ ಬೈಂಡರ್ ಧರ್ಣಪ್ಪನವರು ಹೊಲಿಗೆ ಹಾಕುವ ಮೊದಲು ಹಾಳೆ ಎಣಿಸಿ ರಟ್ಟಿನ ಒಳಗೆ ಬರೆದು, ಅದರ ಮೇಲೆ ಕಾಗದ ಅಂಟಿಸುತ್ತಿದ್ದರು. ನಾಳೆ ಯಾರಾದರೂ ಬಂದು ಬೈಂಡರ್ ಹಾಳೆ ನುಂಗಿದ ಎನ್ನಬಾರದಲ್ಲ. ಒಂದೇ ಬದಿ ಅಚ್ಚಾದ ವರದಿಯಾದ್ದರಿಂದ ಎಪ್ಪತ್ತೆರಡು ಹಾಳೆ ಎಂದರೆ ಎಪ್ಪತ್ತೆರಡು ಪುಟ. ಅಲ್ಲಿಗೆ ಅರವತ್ತಮೂರನೇ ಪುಟ ಇದ್ದದ್ದು ನಿಜ.

ಮೋಕ್ಷಿತಾಳ ಕಣ್ಣು ತುಂಬಿತು. "ಇದನ್ನೇ ತೋರಿಸಿದರೆ ಆಗುದಿಲ್ವಾ ಸರ್?"

ಸಮದ್ ನೋಟೀಸನ್ನು ಮತ್ತೆ ಓದಿದರು. ಓದಿ ಓದಿ ಬಾಯಿಪಾಠವಾಗಿತ್ತು. ಅರವತ್ತಮೂರನೇ ಪುಟದ ಮೂಲ ಹಾಳೆಯನ್ನೇ ಅಧ್ಯಕ್ಷರ ಕೈಗೆ ಒಪ್ಪಿಸತಕ್ಕದ್ದು, ಫೋಟೊ, ಜೆರಾಕ್ಸ್, ಬಾಯಿಮಾತು ಯಾವುದೂ ನಡೆಯುವುದಿಲ್ಲ. ಹಾಳೆ ಇತ್ತು ಎಂದು ರಟ್ಟು ಹೇಳುತ್ತದೆ ಸರಿ. ಹಾಳೆಯಲ್ಲಿ ಏನಿತ್ತು ಎಂದು ರಟ್ಟು ಹೇಳುವುದಿಲ್ಲವಲ್ಲ.

"ಮೂಡುಬಿದಿರೆಗೆ ಹೋಗುವ," ಎಂದರು.

*

ಬಸ್ಸಿನಲ್ಲಿ ಸೀಟು ಸಿಕ್ಕಿತು, ನೆರಳು ಸಿಗಲಿಲ್ಲ. ಏಪ್ರಿಲಿನ ಬಿಸಿಲು ಕಿಟಕಿಯಿಂದ ನೇರ ತೊಡೆಯ ಮೇಲೆ ಬೀಳುತ್ತಿತ್ತು. ಸಮದ್ ಮಗಳು ಫಾಹಿಮಾಳಿಗೆ ಫೋನ್ ಮಾಡಿದರು. ಅವರು ನಿವೃತ್ತರಾದ ಮೇಲೆ ಅದೇ ಲೈಬ್ರೆರಿಯಲ್ಲಿ ಅವಳೀಗ ಸಹಾಯಕ ಲೈಬ್ರೇರಿಯನ್. ಹಳೆಯ ಬೈಂಡಿಂಗ್ ಕಡತ ತೆಗೆದು ನೋಡು ಎಂದು ಹೇಳುವುದಿತ್ತು. ಫೋನ್ ಬಡಿದು ಬಡಿದು ನಿಂತಿತು, 'ಉಪ್ಪಾ' ಎಂದು ಅಪ್ಪನನ್ನು ಕರೆಯುವ ಮಗಳ ಸ್ವರ ಕೇಳಿಸಲಿಲ್ಲ. ಬೆಳಿಗ್ಗೆಯಿಂದ ಇದು ಮೂರನೇ ಸಲ. ಪರೀಕ್ಷೆಯ ಕಾಲ, ಕೌಂಟರಿನಲ್ಲಿ ರಶ್ ಇರಬೇಕೆಂದುಕೊಂಡರು.

ಸುಮ್ಮನೆ ಕೂರಲಾಗದೆ ಮೋಕ್ಷಿತಾಳ ಪ್ರಬಂಧದ ಕೊನೆಯ ಪುಟಗಳನ್ನು ಬಿಡಿಸಿದರು. ಇನ್ನೂರ ಹದಿನಾಲ್ಕು ಆಕರಗಳು. ಇನ್ನೂರ ಹದಿನಾಲ್ಕರಲ್ಲಿ ಸಮಿತಿ ಕೈಯಿಟ್ಟದ್ದು ಒಂದೇ ಒಂದರ ಮೇಲೆ. ಯಾಕೆ?

ಅವರ ಸಂಶಯವೆಲ್ಲ ಅವಳ ಮಾರ್ಗದರ್ಶಕಿ ದಮಯಂತಿ ಮೇಡಂ ಮೇಲಿತ್ತು. ಪ್ರಬಂಧ ಒಪ್ಪಿಸುವ ಮೊದಲೇ ಮೇಡಂ ಆ ಸಾಲು ತೆಗೆದುಬಿಡು ಎಂದಿದ್ದರಂತೆ. ವರದಿ ಬೇಡವೆಂದ ಇಳಿಜಾರಿನಲ್ಲೇ ಈಗ ಗುಡ್ಡ ಕಡಿದು ನೂರ ಇಪ್ಪತ್ತು ಮನೆ ನಿವೇಶನದ ಲೇಔಟ್ ಬಂದಿದೆ, ದೊಡ್ಡವರ ವ್ಯವಹಾರ, ನಮಗೆ ಯಾಕೆ ಗುದ್ದಾಟ ಎಂದು. ಮೋಕ್ಷಿತಾ ತೆಗೆಯಲಿಲ್ಲ. ಲೇಔಟಿನ ಕೆಳಗಿರುವುದು ಅವಳದೇ ಊರು. ಮೇಡಂ ಹೆದರಿ ತಾವೇ ದೂರು ಕೊಟ್ಟಿರಬಹುದು. ಸಮಿತಿಯ ಅಧ್ಯಕ್ಷ ಡಾ. ನರಸಿಂಗ ಕುಡ್ವರೇನೋ ಒಳ್ಳೆಯ ಮನುಷ್ಯ. ಹಿಂದೆ ಮೂಡುಬಿದಿರೆಯ ಅದೇ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದು ಸಮದ್ ಜೊತೆ ಹದಿನೈದು ವರ್ಷ ಸಂಜೆ ಚಹಾ ಕುಡಿದವರು. ನಿಯಮ ಬಿಡುವ ಹಾಗಿಲ್ಲ ಎಂದರೂ ಒಂದು ವಾರದ ಗಡುವು ಕೊಟ್ಟದ್ದು ಅವರೇ.

ಅಡ್ಡಿಯಾದದ್ದು ಮೋಕ್ಷಿತಾಳ ತಪ್ಪು. ವರದಿಯನ್ನು ತಾನು ಕಣ್ಣಾರೆ ನೋಡಿಲ್ಲ, ಹನ್ನೆರಡು ವರ್ಷದ ಹಿಂದಿನ ಒಂದು ಪ್ರಬಂಧದಿಂದ ಆಕರದ ಸಾಲನ್ನು ಎತ್ತಿಕೊಂಡೆ ಎಂದು ಅವಳೇ ಸಮದ್ ಎದುರು ಒಪ್ಪಿಕೊಂಡಿದ್ದಳು. ವರ್ಷ ವರ್ಷವೂ ಹೊಸ ಸಂಶೋಧಕರನ್ನು ಕೂರಿಸಿಕೊಂಡು ಅವರು ಹೇಳುತ್ತಿದ್ದ ಪಾಠ ಒಂದೇ. ಆಕರದ ಸಾಲೆಂದರೆ ಮನೆಗೆ ದಾರಿ ಹೇಳಿದ ಹಾಗೆ. ವರದಿ ಕೊಟ್ಟವರು ಯಾರು, ಯಾವ ವರ್ಷ, ಶೀರ್ಷಿಕೆ ಏನು, ಸಂಖ್ಯೆ ಎಷ್ಟು, ಯಾವ ಊರು, ಎಷ್ಟನೇ ಪುಟ. ಅಪರಿಚಿತನೊಬ್ಬ ಅದನ್ನು ಹಿಡಿದು ಹೊರಟರೆ ಬಾಗಿಲಿಗೆ ಬಂದು ಮುಟ್ಟಬೇಕು. ನೀವೇ ಹೋಗದ ಮನೆಗೆ ದಾರಿ ಹೇಳಬೇಡಿ. ಇನ್ನೊಬ್ಬರು ಹೇಳಿದ್ದನ್ನು ಕೇಳಿ ಹೇಳುತ್ತಿದ್ದರೆ, ಅವರು ಹೇಳಿದ್ದು ಎಂದು ಬಾಯಿಬಿಟ್ಟು ಬರೆಯಿರಿ.

ಯಾರೂ ಬರೆಯುವುದಿಲ್ಲ. ಕಂಡವರ ಪಟ್ಟಿಯಿಂದ ಎತ್ತಿ ತಮ್ಮ ಪಟ್ಟಿಗೆ ಸೇರಿಸುವುದು ನಮ್ಮ ಕಡೆಯ ಪ್ರಬಂಧಗಳಿಗೆ ಅಂಟಿದ ರೋಗ. ಎಲ್ಲರೂ ಮಾಡುತ್ತಾರೆ, ಸಿಕ್ಕಿಬೀಳುವುದು ಮಾತ್ರ ಇಂಥ ಹುಡುಗಿಯರು.

ಅವರು ಎರಡು ಸಾಲುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಹಳೆಯ ಪ್ರಬಂಧ ಮುಝಮ್ಮಿಲ್ ಎಂಬವನದು. ಅವನು ಬರೆದದ್ದು: ನೇತ್ರಾವತಿ ಕೊಳ್ಳ ಅಧ್ಯಯನ ಕೂಟ, 2009, ಇಳಿಜಾರುಗಳ ಸಮೀಕ್ಷೆ, ತಾಂತ್ರಿಕ ವರದಿ 11, ಬಂಟ್ವಾಳ, ಪುಟ 63. ಮೋಕ್ಷಿತಾ ಬರೆದದ್ದು ಅದೇ, ಅಕ್ಷರಕ್ಕಕ್ಷರ. ಕೊನೆಯಲ್ಲಿ ಮಾತ್ರ ಪುಟ 63, ಕೋಷ್ಟಕ 9 ಎಂದಿತ್ತು. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಏನೋ ಒಂದು ಅವರಿಗೆ ತಾಗಿತು. ಏನೆಂದು ತಿಳಿಯುವ ಮೊದಲೇ ಫೋನ್ ಬಡಿಯಿತು.

ಸೌದಿಯ ದಮ್ಮಾಮಿನಿಂದ ಮುಝಮ್ಮಿಲ್. ಬೆಳಿಗ್ಗೆ ಕಳಿಸಿದ ಸಂದೇಶಕ್ಕೆ ಈಗ ಬಿಡುವಾಗಿತ್ತು. ಆ ವರದಿಯನ್ನು ನಿಮ್ಮ ಲೈಬ್ರೆರಿಯಲ್ಲೇ ಕೂತು ಓದಿದ್ದೆ ಸರ್, ಕೊನೆಯಲ್ಲಿ ದಪ್ಪದ ಅನುಬಂಧವಿತ್ತು, ಖುರ್‌ಆನ್ ಮೇಲೆ ಕೈಯಿಟ್ಟು ಹೇಳುತ್ತೇನೆ ಎಂದ. ಬರೆದುಕೊಂಡ ನೋಟ್ ಪುಸ್ತಕ ಉಂಟೋ ಎಂದರೆ, ವಿಟ್ಲದ ಮನೆ ಕೆಡವುವಾಗ ಗುಜರಿಯವನಿಗೆ ಹೋಯಿತಂತೆ. ಅವನ ಮಾತು ಸತ್ಯ. ಆದರೆ ಬಾಯಿಮಾತು ನಡೆಯುವುದಿಲ್ಲವೆಂದು ನೋಟೀಸು ಮೊದಲೇ ಹೇಳಿಬಿಟ್ಟಿತ್ತು. ಸಮದ್ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಇಟ್ಟ ಮೇಲೆ, ಮೊದಲು ತಾಗಿದ್ದು ಏನೆಂದು ನೆನಪಾಗಲಿಲ್ಲ.

ಪಕ್ಕದಲ್ಲಿ ಮೋಕ್ಷಿತಾ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಇವಳ ವಯಸ್ಸಿನಲ್ಲಿ ಫಾಹಿಮಾಳಿಗೆ ಎರಡು ಮಕ್ಕಳಾಗಿದ್ದವು. ಈ ಮಗು ಐದು ವರ್ಷ ಗುಡ್ಡ ಗುಡ್ಡ ಅಲೆದು ಮಣ್ಣು ಅಳೆದಿದೆ. ಅವಳಿಗಾಗಿ ಏನೂ ಮಾಡಲಾಗದ ತಮ್ಮ ಎರಡು ಕೈಗಳನ್ನು ನೋಡಿಕೊಂಡು ಸಮದ್‌ಗೆ ಸಂಕಟವಾಯಿತು.

*

ಧರ್ಣಪ್ಪನವರ ಅಂಗಡಿ ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹಿಂದೆ, ಜೈನರ ಹಳೆಯ ಮನೆಯೊಂದರ ಜಗಲಿಯಲ್ಲಿ. ಊಟಕ್ಕೆ ಹೋದವರು ಎರಡೂಕಾಲಿಗೆ ಬಂದರು. ಅಷ್ಟು ಹೊತ್ತು ಮುಚ್ಚಿದ ಬಾಗಿಲ ಎದುರು ನಿಂತದ್ದು ಸಮದ್‌ಗೆ ಒಂದು ದಿನದಷ್ಟು ಉದ್ದವೆನಿಸಿತ್ತು. ಮೋಕ್ಷಿತಾಳನ್ನು ಎದುರಿನ ಗೂಡಂಗಡಿಯ ಬೆಂಚಿನಲ್ಲಿ ಕೂರಿಸಿ, ಪ್ರಬಂಧವನ್ನೂ ಅವಳ ಕೈಗೆ ಕೊಟ್ಟು, ತಾವೊಬ್ಬರೇ ಜಗಲಿ ಹತ್ತಿದರು.

ಗೋಂದು, ಸುಣ್ಣ, ಹಳೆಯ ಕಾಗದದ ವಾಸನೆ. ಎಪ್ಪತ್ತು ದಾಟಿದ ಧರ್ಣಪ್ಪನವರು ಮಣೆಯ ಮೇಲೆ ಕೂತು ಕನ್ನಡಕ ಏರಿಸಿದರು. ಇಬ್ಬರೂ ಮೊದಲು ತುಳುವಿನಲ್ಲಿ ಮನೆಯ ಸುದ್ದಿ, ಮಂಡಿನೋವು, ಸೆಕೆ ಎಲ್ಲ ವಿಚಾರಿಸಿಕೊಂಡರು. ವರದಿಯ ಹೆಸರು ಬಂದದ್ದೇ ತಡ, ಧರ್ಣಪ್ಪನವರು ಹೊಲಿಗೆಯ ನೂಲಿಗೆ ಮೇಣ ತಿಕ್ಕಲು ಶುರು ಮಾಡಿದರು. ತಿಕ್ಕಿದ ನೂಲನ್ನೇ ಮತ್ತೆ ತಿಕ್ಕಿದರು.

"ನೆನಪಿಲ್ಲ ಸರ್. ಎಷ್ಟು ಪುಸ್ತಕ ಬರ್ತದೆ, ಹೋಗ್ತದೆ."

"ರಟ್ಟಿನೊಳಗೆ ನಿಮ್ಮ 'ಧ' ಉಂಟು ಧರ್ಣಪ್ಪಣ್ಣ. ಎಪ್ಪತ್ತೆರಡು ಹೊಡೆದು ನಲವತ್ತೆಂಟು ಮಾಡಿದ್ದೀರಿ."

"ಇರಬಹುದು. ಹುಳ ತಿಂದದ್ದನ್ನು ತೆಗೆದಿರಬಹುದು."

"ಹುಳ ತಿಂದರೆ ಕ್ರಮವಾಗಿ ಕೊನೆಯ ಇಪ್ಪತ್ತನಾಲ್ಕನ್ನೇ ತಿಂತದಾ?"

ಧರ್ಣಪ್ಪನವರು ಇನ್ನೊಂದು ನೂಲು ಎಳೆದುಕೊಂಡರು. ಸಮದ್ ಸ್ವರ ಗಟ್ಟಿ ಮಾಡಿದರು. ಗಟ್ಟಿ ಮಾಡಿ ಅಭ್ಯಾಸವಿಲ್ಲದ ಸ್ವರ ಒಡೆಯಿತು. ಹೊರಗೆ ಬೆಂಚಿನಲ್ಲಿ ಕೂತ ಹುಡುಗಿಯ ಕಥೆಯನ್ನೆಲ್ಲ ಹೇಳಿದರು. ಇನ್ನು ಒಂದೂವರೆ ಗಂಟೆಯಲ್ಲಿ ಅವಳ ಹೆಸರು ಮಣ್ಣಾಗುತ್ತದೆ, ನಿಮ್ಮ ಮೊಮ್ಮಗಳಾಗಿದ್ದರೆ ಹೀಗೆಯೇ ನೂಲು ತಿಕ್ಕುತ್ತಿದ್ದಿರಾ ಎಂದು ಕೇಳಿದರು. ನೀವು ತೆಗೆದ ಹಾಳೆ ಎಸೆಯುವವರಲ್ಲ, ದಾರದಲ್ಲಿ ಕಟ್ಟಿ ವಾಪಸು ಕೊಟ್ಟು ಸಹಿ ತೆಗೆದುಕೊಳ್ಳುವವರು, ಆ ಪುಸ್ತಕ ತೆಗೆಯಿರಿ, ಇಲ್ಲವಾದರೆ ಪೊಲೀಸರು ಬಂದು ತೆಗೆಸುತ್ತಾರೆ ಎಂದೂ ಹೇಳಿಬಿಟ್ಟರು.

ಧರ್ಣಪ್ಪನವರಿಗೆ ಸಿಟ್ಟು ಬರಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು.

"ನೋಡ್ಲೇಬೇಕಾ ಸರ್?"

"ನೋಡ್ಲೇಬೇಕು."

"ನಾಳೆ ನನ್ನ ಮೇಲೆ ಬೇಜಾರು ಮಾಡಬಾರದು."

ಗೋಡೆಯ ಕಪಾಟಿನಿಂದ ಒಂದು ಉದ್ದದ ಪುಸ್ತಕ ಇಳಿಯಿತು. ಪ್ರತಿ ಪುಟಕ್ಕೂ ಗಿರಾಕಿಗಳು ತಂದ ಚೀಟಿಗಳನ್ನು ಅಂಟಿಸಿತ್ತು. ಧರ್ಣಪ್ಪನವರು ಹುಡುಕಬೇಕಾಗಲಿಲ್ಲ. ಒಂದು ಕಡೆ ದಾರವಿಟ್ಟು ಗುರುತು ಮಾಡಿದ್ದರು. ವಾರದಿಂದಲೇ ಈ ಗಳಿಗೆಗೆ ಕಾದು ಕೂತವರ ಹಾಗೆ ಪುಸ್ತಕ ತಿರುಗಿಸಿ ಮುಂದೆ ತಳ್ಳಿದರು.

ಸಮದ್ ಮೊದಲು ಕಂಡದ್ದು ತಮ್ಮದೇ ಸಹಿ.

ಲೈಬ್ರೆರಿಯ ಹಳದಿ ಚೀಟಿ. ತಾರೀಕು 14 ಸೆಪ್ಟೆಂಬರ್ 2015. ತಾಂತ್ರಿಕ ವರದಿ 11, ಪುಟ 49ರಿಂದ 72ರವರೆಗೆ ತೆಗೆದು ಹೊಸ ಬೈಂಡ್ ಹಾಕುವುದು. ಕೆಳಗೆ ಅಬ್ದುಲ್ ಸಮದ್, ಲೈಬ್ರೇರಿಯನ್. ಅದು ನಕಲಲ್ಲ. ಕೊನೆಯ ಅಕ್ಷರದ ಬಾಲ ಮೇಲಕ್ಕೆತ್ತುವ ಅವರ ವಾಡಿಕೆಯೂ ಹಾಗೆಯೇ ಇತ್ತು.

ಆದರೆ ಆ ಸೆಪ್ಟೆಂಬರಿನಲ್ಲಿ ಅವರು ಮೂಡುಬಿದಿರೆಯಲ್ಲಿರಲಿಲ್ಲ. ಹೆಂಡತಿ ಜೈನಬಮ್ಮನ ಜೊತೆ ಹಜ್‌ಗೆ ಹೋಗಿದ್ದರು.

ಹೊರಡುವ ಹಿಂದಿನ ದಿನ ಏನು ಮಾಡಿದ್ದರೆಂಬುದು ನಿಧಾನಕ್ಕೆ ನೆನಪಾಯಿತು. ನಲವತ್ತು ದಿನ ಕೆಲಸ ನಿಲ್ಲಬಾರದಲ್ಲ. ಎಲ್ಲ ಆಫೀಸುಗಳಲ್ಲೂ ಮಾಡುವ ಹಾಗೆ ಇಪ್ಪತ್ತು ಖಾಲಿ ಚೀಟಿಗಳಿಗೆ ಸಹಿ ಹಾಕಿ, ಮೇಜಿನ ಡ್ರಾಯರಿನಲ್ಲಿಟ್ಟು, ಕೀಲಿ ಕೊಟ್ಟು ಹೋಗಿದ್ದರು. ನಂಬಿಕೆಯವರ ಕೈಗೇ ಕೊಟ್ಟಿದ್ದರು. ಆಗಷ್ಟೇ ಲೈಬ್ರೆರಿಗೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿದ್ದ ತಮ್ಮ ಮಗಳ ಕೈಗೆ.

ಚೀಟಿಯ ಅಕ್ಷರಗಳು ದುಂಡಗಿದ್ದವು. ಒಂದನೇ ಕ್ಲಾಸಿನಲ್ಲಿ ಅವರೇ ಕೈ ಹಿಡಿದು ತಿದ್ದಿಸಿದ ಅಕ್ಷರಗಳು. ಅಡಿಯಲ್ಲಿ ಇನ್ನೊಂದು ಸಾಲಿತ್ತು: ತೆಗೆದ 24 ಹಾಳೆ ವಾಪಸು ಸಿಕ್ಕಿದೆ, ಫಾಹಿಮಾ.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಊರೆಲ್ಲ ಟಾರ್ಚ್ ಹಿಡಿದು ಅಲೆದವರಿಗೆ ಅದು ಕಾಣಿಸಿದ್ದು ಈಗ.

"ಮೊನ್ನೆ ನೀವು ಹುಡುಕ್ತಿದ್ದೀರಿ ಅಂತ ಗೊತ್ತಾದಾಗಲೇ ಇದನ್ನು ಒಲೆಗೆ ಹಾಕುವ ಅಂತ ಕಂಡಿತ್ತು," ಎಂದರು ಧರ್ಣಪ್ಪನವರು. "ಮನಸ್ಸು ಬರಲಿಲ್ಲ. ಐವತ್ತು ವರ್ಷದಲ್ಲಿ ಒಂದು ಕಾಗದ ಸುಟ್ಟವನಲ್ಲ ನಾನು. ನೀವು ಹೇಳಿದರೆ ಸುಡ್ತೇನೆ."

ಸಮದ್ ಚೀಟಿಯ ಮೇಲೆ ಅಂಗೈ ಮುಚ್ಚಿದರು. ಈ ಚೀಟಿ ಸಮಿತಿಯ ಎದುರು ಹೋದರೆ ತಮ್ಮ ಹೆಸರು ಹೋಗುತ್ತದೆ. ಹೋಗಲಿ, ಪಿಂಚಣಿಯ ಮುದುಕನ ಹೆಸರಿಗೆ ಬೆಲೆ ಎಷ್ಟು? ಆದರೆ ಫಾಹಿಮಾಳ ಕೆಲಸ ಹೋಗುತ್ತದೆ. ಸಂಸ್ಥೆಯ ದಾಖಲೆ ಕದ್ದವಳೆಂದು ಪೊಲೀಸು, ಕೋರ್ಟು. ಇಷ್ಟೆಲ್ಲ ಮಾಡಿದರೂ ಮೋಕ್ಷಿತಾಳಿಗೆ ಬೇಕಾದ ಹಾಳೆ ಚೀಟಿಯಿಂದ ಬರುವುದಿಲ್ಲ. ಒಬ್ಬಳನ್ನು ಮುಳುಗಿಸಿದರೂ ಇನ್ನೊಬ್ಬಳು ದಡ ಸೇರುವುದಿಲ್ಲ.

"ಸುಡಬೇಡಿ," ಎಂದರು ಕೊನೆಗೆ. "ಯಾರಿಗೂ ತೋರಿಸಲೂ ಬೇಡಿ."

ಜಗಲಿ ಇಳಿಯುವಾಗ ಚಪ್ಪಲಿ ಯಾವ ಕಾಲಿನದು ಯಾವುದಕ್ಕೆ ಎಂದೇ ಅವರಿಗೆ ತಿಳಿಯಲಿಲ್ಲ.

*

ಮೋಕ್ಷಿತಾ ಎರಡು ಲಿಂಬೆ ಶರಬತ್ತು ಹೇಳಿ ಕಾದಿದ್ದಳು. ಒಂದು ಗ್ಲಾಸನ್ನು ಅವರ ಕಡೆ ಸರಿಸಿದಳು. ಗಂಟೆ ಮೂರಾಗಲು ಐದು ನಿಮಿಷ.

"ಧರ್ಣಪ್ಪಣ್ಣ ಏನು ಹೇಳಿದರು ಸರ್?"

ಮೂವತ್ತೊಂದು ವರ್ಷ ನೂರಾರು ಮಕ್ಕಳಿಗೆ, ಎಲ್ಲಿಂದ ಸಿಕ್ಕಿತೆಂಬುದನ್ನು ಮುಚ್ಚಿಡಬೇಡಿ ಎಂದು ಕಲಿಸಿದ ಬಾಯಿ ಅದು.

"ಏನೂ ಸಿಗಲಿಲ್ಲ ಮಗಾ," ಎಂದರು ಸಮದ್. "ಅವರಿಗೆ ನೆನಪಿಲ್ಲ."

ಹೇಳಿದ್ದು ಶಾಸ್ತ್ರ, ಹಾಕಿದ್ದು ಗಾಳ. ಅವಳು ಅಳುತ್ತಾಳೆ, ಆಗ ತಾನೂ ಎಲ್ಲ ಹೇಳಿಬಿಡುತ್ತೇನೇನೋ ಎಂಬ ಹೆದರಿಕೆಯಿಂದ ತಲೆ ತಗ್ಗಿಸಿ ಕೂತರು. ನಿನ್ನೆ ಬೆಳ್ತಂಗಡಿಯಲ್ಲಿ ಅತ್ತಿದ್ದಳು, ಬೆಳಿಗ್ಗೆ ಬಂಟ್ವಾಳದಲ್ಲಿ ಕಣ್ಣು ತುಂಬಿಕೊಂಡಿದ್ದಳು. ಈಗ ಅಳಲಿಲ್ಲ. ಹೌದಾ ಸರ್ ಎಂದಷ್ಟೇ ಹೇಳಿ, ಗ್ಲಾಸಿನ ತಳದ ಸಕ್ಕರೆಯನ್ನು ಚಮಚದಲ್ಲಿ ಕಲಕಿದಳು.

ಬೆಂಚಿನ ಮೇಲೆ ಪ್ರಬಂಧ ತೆರೆದುಕೊಂಡೇ ಇತ್ತು. ನೋಡಲು ಬೇರೇನೂ ಇಲ್ಲದೆ ಸಮದ್ ಅದನ್ನೇ ನೋಡಿದರು. ಪುಟ 63, ಕೋಷ್ಟಕ 9.

ಬಸ್ಸಿನಲ್ಲಿ ತಾಗಿದ ಕಲ್ಲು ಈಗ ಹಲ್ಲಿಗೆ ಸಿಕ್ಕಿತು.

ಮುಝಮ್ಮಿಲ್ ಕೋಷ್ಟಕದ ಸಂಖ್ಯೆ ಬರೆದಿರಲಿಲ್ಲ. ಬಂಟ್ವಾಳದ ಪ್ರತಿಯಲ್ಲಿ ಆರರ ಮೇಲೆ ಕೋಷ್ಟಕವೇ ಇರಲಿಲ್ಲ. ಬೆಳ್ತಂಗಡಿಯದನ್ನು ಗೆದ್ದಲು ಓದಿ ಮುಗಿಸಿತ್ತು. ಒಂಬತ್ತು ಎಂಬ ಅಂಕಿಯನ್ನು ಬರೆಯಬೇಕಾದರೆ ಆ ಹಾಳೆಯನ್ನು ಕೈಯಲ್ಲಿ ಹಿಡಿದಿರಲೇಬೇಕು.

"ಕೋಷ್ಟಕ ಒಂಬತ್ತು ಅಂತ ನಿನಗೆ ಯಾರು ಹೇಳಿದ್ದು?"

ಮೋಕ್ಷಿತಾ ಚಮಚ ಕೆಳಗಿಟ್ಟಳು. ತಪ್ಪಿಸಿಕೊಳ್ಳಲು ನೋಡಲಿಲ್ಲ. ಬ್ಯಾಗಿನ ತಳದಿಂದ ಒಂದು ಪ್ಲಾಸ್ಟಿಕ್ ಫೈಲು ತೆಗೆದು, ಅದರೊಳಗಿಂದ ಒಂದೇ ಒಂದು ಹಾಳೆಯನ್ನು ಎಳೆದು ಅವರ ಮುಂದಿಟ್ಟಳು. ಅಂಚು ಹಳದಿಯಾದ ಕಾಗದ. ಹದಿನೇಳು ಇಳಿಜಾರುಗಳ ಹೆಸರು, ಎದುರಿಗೆ ಅಳತೆ. ನಾಲ್ಕನೆಯ ಹೆಸರು ಅವಳ ಊರಿನ ಗುಡ್ಡದ್ದು. ಮೇಲೆ ಕೋಷ್ಟಕ ಒಂಬತ್ತು. ಅಡಿಯಲ್ಲಿ ಅರವತ್ತಮೂರು.

"ಫಾಹಿಮಕ್ಕ ಕೊಟ್ಟದ್ದು ಸರ್. ಹೋದ ವರ್ಷ. ಬರೆದುಕೋ, ಯಾರಿಗೂ ತೋರಿಸಬೇಡ ಅಂದಿದ್ದರು. ನಾನು ಆಣೆ ಮಾಡಿದ್ದೆ."

"ಇದು ಕೈಯಲ್ಲಿಟ್ಟುಕೊಂಡು ನನ್ನನ್ನು ಮೂರು ಊರು ಸುತ್ತಿಸಿದೆಯಾ?"

"ನೋಟೀಸು ಬಂದಾಗ ನಿಮ್ಮ ಹತ್ರ ಹೋಗು ಅಂದದ್ದೂ ಅವರೇ. ಉಪ್ಪ ಹುಡುಕಲಿ, ಅವರಾಗಿಯೇ ನನ್ನ ಹೆಸರು ಹೇಳಿದರೆ ಆಣೆ ಬಿಟ್ಟು ಹಾಳೆ ಕೊಡು ಅಂತ." ಅವಳ ಸ್ವರ ಇಳಿಯಿತು. "ನೀವು ಹೇಳ್ತೀರಿ ಅಂತ ನನಗೆ ಗ್ಯಾರಂಟಿ ಇತ್ತು ಸರ್. ಹೇಳದಿದ್ದರೂ ಇನ್ನು ಮುಚ್ಚಿಡಲು ನನ್ನಿಂದ ಆಗುದಿಲ್ಲ."

ಸಮದ್‌ಗೆ ನಾಚಿಕೆಯಾಯಿತು. ಅರವತ್ತನಾಲ್ಕು ವರ್ಷದಲ್ಲಿ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಎರಡು ನಿಮಿಷದ ಹಿಂದೆ ಈ ಹುಡುಗಿಯನ್ನು ಮಗಾ ಎಂದು ಕರೆದು ಸುಳ್ಳು ಹೇಳಿದ್ದರು. ಅವಳು ಅದನ್ನು ಸುಳ್ಳೆಂದು ತಿಳಿದೇ ಕೇಳಿಸಿಕೊಂಡಿದ್ದಳು.

ಅವರು ಹಾಳೆ ಎತ್ತಿಕೊಂಡು ಎದ್ದು ನಿಂತರು. ಇನ್ನೂ ಒಂದು ಗಂಟೆ ಉಂಟು, ಸಮಿತಿ ಕೂರುವ ಕಾಲೇಜಿಗೆ ಆಟೊದಲ್ಲಿ ಹತ್ತು ನಿಮಿಷ. ಕುಡ್ವರ ಕೈಗೆ ತಾವೇ ಕೊಡುತ್ತಾರೆ. ಎಲ್ಲಿ ಸಿಕ್ಕಿತೆಂದು ಕೇಳಿದರೆ ಮಗಳ ಹೆಸರನ್ನೂ ತಮ್ಮ ಖಾಲಿ ಚೀಟಿಗಳ ಕಥೆಯನ್ನೂ ಹೇಳುತ್ತಾರೆ. ಬೆಳಿಗ್ಗೆಯಿಂದ ಮೊದಲ ಸಲ ಏನೋ ಒಂದು ಮಾಡಬಹುದೆನಿಸಿತು.

ಮೋಕ್ಷಿತಾ ಏಳಲಿಲ್ಲ.

"ಹಿಂದೆ ತಿರುಗಿಸಿ ನೋಡಿ ಸರ್, ನೋಟೀಸು ಬಂದ ಮೇಲೆ ಬರೆದದ್ದು," ಎಂದಳು.

ಒಂದೇ ಬದಿ ಅಚ್ಚಾದ ಹಾಳೆ. ಹಿಂಬದಿಯ ಬಿಳಿಯಲ್ಲಿ ಪೆನ್ಸಿಲಿನ ದುಂಡಗಿನ ಅಕ್ಷರಗಳಿದ್ದವು. ಅಪ್ಪ ಕಲಿಸಿದ ಕ್ರಮದಲ್ಲೇ ಫಾಹಿಮಾ ಆಕರ ಕೊಟ್ಟಿದ್ದಳು. ಯಾರು, ಯಾವಾಗ, ಎಲ್ಲಿ, ಯಾವ ರೂಪದಲ್ಲಿ, ಒಂದೂ ಬಿಟ್ಟಿರಲಿಲ್ಲ.

ಉಪ್ಪಾ, ತೆಗೆಸಿದ್ದು ನಾನು. ತೆಗೆಸು ಎಂದವರು ಡಾ. ನರಸಿಂಗ ಕುಡ್ವ, 12 ಸೆಪ್ಟೆಂಬರ್ 2015, ಲೈಬ್ರೆರಿಯ ಕೌಂಟರಿನಲ್ಲಿ, ಬಾಯಿಮಾತು. ನಿನ್ನ ಉಪ್ಪನನ್ನು ಕೇಳಿದ್ದೇನೆ, ಒಪ್ಪಿದ್ದಾರೆ ಎಂದರು. ಉಳಿದ ಇಪ್ಪತ್ತಮೂರು ಹಾಳೆ ಅವರೇ ತೆಗೆದುಕೊಂಡು ಹೋದರು. ಇದೊಂದು ಜಾರಿ ಮೇಜಿನ ಅಡಿಗೆ ಬಿದ್ದಿತ್ತು.

ಇನ್ನೂರ ಹದಿನಾಲ್ಕರಲ್ಲಿ ಒಂದನ್ನೇ ಯಾಕೆ ಕೇಳಿದರು ಎಂಬುದಕ್ಕೆ ಸಮದ್‌ಗೆ ಈಗ ಉತ್ತರ ಸಿಕ್ಕಿತು. ಗುಡ್ಡ ಕಡಿಯುವವರಿಗೆ ಅಡ್ಡ ಬರುವ ಹಾಳೆಗಳನ್ನು ಅಂದೇ ಹೊತ್ತೊಯ್ದು, ಇಲ್ಲವೆಂದು ಖಾತ್ರಿ ಇದ್ದವರು ಮಾತ್ರ ಅಷ್ಟು ಧೈರ್ಯದಿಂದ ಕೇಳಬಲ್ಲರು.

ಅವರು ಮೆಲ್ಲನೆ ಮತ್ತೆ ಬೆಂಚಿನ ಮೇಲೆ ಕೂತು ಜೇಬಿನಿಂದ ನೋಟೀಸು ತೆಗೆದು ಬಿಡಿಸಿದರು. ಮೂಲ ಹಾಳೆಯನ್ನು ನಾಲ್ಕು ಗಂಟೆಗೆ ಅಧ್ಯಕ್ಷರ ಕೈಗೇ ಒಪ್ಪಿಸತಕ್ಕದ್ದು ಎಂಬ ಸಾಲಿನ ಕೆಳಗೆ ಕುಡ್ವರು ಅಚ್ಚುಕಟ್ಟಾಗಿ ಸಹಿ ಹಾಕಿದ್ದರು.